ಅಜ್ಜಿ ಕಾಲದ ಗಾಜಿನ ಬಟ್ಟಲು: ಕೊರೆದದ್ದೋ, ಒತ್ತಿದ್ದೋ?

ಪ್ರಶ್ನೆ: ಅಜ್ಜಿ ಕಾಲದ ದಪ್ಪ ಗಾಜಿನ ಹಣ್ಣಿನ ಬಟ್ಟಲೊಂದು ನಮ್ಮಲ್ಲಿದೆ. ಮೈತುಂಬ ವಜ್ರದ ಚಿತ್ತಾರ. ಮನೆಯವರು ಕಟ್ ಗ್ಲಾಸ್ ಎನ್ನುತ್ತಾರೆ, ಹಳೇ ಸಾಮಾನಿನ ಅಂಗಡಿಯವರು ಅಲ್ಲ ಎನ್ನುತ್ತಾರೆ. ಒಳಗಡೆ ತಳದಲ್ಲಿ ಮೂಲೆ ಮೇಲಾಗಿ ನಿಂತ ಚೌಕದ ಗುರುತಿದೆ. ಯಾವ ಕಾಲದ್ದು?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಮೊದಲು ಬೆರಳಿಗೆ ಕೆಲಸ ಕೊಡಿ. ಚಿತ್ತಾರದ ಏಣಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿ. ಚಕ್ರಕ್ಕೆ ಹಿಡಿದು ಕೊರೆದ ಕಟ್ ಗ್ಲಾಸ್ ಆದರೆ ಏಣು ಚುಚ್ಚುತ್ತದೆ. ಅಚ್ಚಿನಲ್ಲಿ ಒತ್ತಿದ ಪ್ರೆಸ್ಡ್ ಗ್ಲಾಸ್ ಆದರೆ ಬಳಸಿ ಸವೆದ ಸೋಪಿನ ಅಂಚಿನಂತೆ ಮೊಂಡು. ಕರಗಿದ ಗಾಜನ್ನು ಕಬ್ಬಿಣದ ಅಚ್ಚಿಗೆ ಹಾಕಿ ಮೇಲಿನಿಂದ ಅದುಮುತ್ತಿದ್ದರು. ಹಾಗಾಗಿ ಒಳಮೈ ಸಾಮಾನ್ಯವಾಗಿ ನುಣುಪು. ಹೊರಗೆ, ಅಚ್ಚಿನ ತುಂಡುಗಳು ಕೂಡಿದ ಕಡೆ, ಕೂದಲೆಳೆಯಂಥ ಉಬ್ಬುಗೆರೆ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಕಾಣುತ್ತದೆ. ಒತ್ತಿದ ಮೇಲೆ ಇನ್ನೊಮ್ಮೆ ಬೆಂಕಿಗೆ ಹಿಡಿದು ಗೆರೆ ಕರಗಿಸುವುದೂ ಇತ್ತು. ಗೆರೆ ಸಿಗಲಿಲ್ಲವೆಂದು ಕಟ್ ಗ್ಲಾಸ್ ಎಂದು ತೀರ್ಮಾನಿಸಬೇಡಿ.

ನಿಮ್ಮ ಗುರುತು ಅಪರೂಪದ್ದು, ಭೂತಗನ್ನಡಿ ತೆಗೆದುಕೊಳ್ಳಿ. ಮೇಲ್ತುದಿಯ ಸುತ್ತಿನಲ್ಲಿ ರೋಮನ್ ಅಂಕಿ ಮೂರು ಇದ್ದರೆ ಅದು ಬ್ರಿಟನ್ನಿನಲ್ಲಿ ಗಾಜಿನ ವಿನ್ಯಾಸ ನೋಂದಾಯಿಸಿದ ಮುದ್ರೆ. 1842ರಿಂದ 1883ರವರೆಗೆ ಚಾಲ್ತಿಯಲ್ಲಿತ್ತು. ಆ ಸುತ್ತಿಗೆ ತಾಗಿದಂತೆ ಕೆಳಗಿರುವ, ಚೌಕದ ಮೇಲಿನ ಮೂಲೆಯಲ್ಲಿ ಅಕ್ಷರವಿದ್ದರೆ 1867ರ ಒಳಗಿನದು, ಆ ಅಕ್ಷರವೇ ವರ್ಷದ ಸಂಕೇತ. ಅಲ್ಲಿ ಅಂಕಿಯಿದ್ದು ಬಲಮೂಲೆಯಲ್ಲಿ ಅಕ್ಷರವಿದ್ದರೆ 1868ರಿಂದ ಈಚಿನದು. 1884ರಿಂದ ಮುದ್ರೆ ಹೋಗಿ ಬರೀ ನೋಂದಣಿ ಸಂಖ್ಯೆ ಬಂತು. ನೆನಪಿಡಿ, ಇದು ವಿನ್ಯಾಸ ನೋಂದಾಯಿಸಿದ ವರ್ಷ. ಅದೇ ಅಚ್ಚಿನಿಂದ ಮುಂದೆಯೂ ಬಟ್ಟಲು ತೆಗೆಯುತ್ತಿದ್ದರು. ಪಕ್ಕದಲ್ಲಿ ನವಿಲಿನ ತಲೆಯೂ ಇದ್ದರೆ ಗೇಟ್ಸ್‌ಹೆಡ್‌ನ ಸೋವರ್ಬಿ ಕಾರ್ಖಾನೆಯದು.

ಪ್ರಶ್ನೆ: ಹಳೇ ಗಾಜಿನ ತಟ್ಟೆ ಕೊಂಡೆ. ಅಂಗಡಿಯಲ್ಲಿ ಫಳಫಳ ಅನ್ನುತ್ತಿತ್ತು, ತೊಳೆದ ಮೇಲೆ ಮಂಕಾಯಿತು. ಏನು ಮಾಡಲಿ?
— ಓದುಗರು, ಮಂಡ್ಯ

ಉತ್ತರ: ಮೇಲೆ ಎಣ್ಣೆ ಸವರಿದ್ದಿರಬೇಕು. ಮುಂದೆ ಕೊಳ್ಳುವಾಗ ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ನೋಡಿ. ಒದ್ದೆಯಿದ್ದಾಗಲೂ ಮಂಕು ಮರೆಯಾಗುತ್ತದೆ.

ಬೋರ್‌ವೆಲ್ ನೀರಿನ ಸುಣ್ಣದ ಪದರವಾದರೆ ಬಿಡುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ಉಗುರುಬೆಚ್ಚಗಿನ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಸಂದುಗಳನ್ನು ಮೆತ್ತನೆ ಟೂತ್‌ಬ್ರಷ್‌ನಿಂದ ತಿಕ್ಕಿ. ಎರಡು ಸಲ ಮಾಡಿದರೂ ಹೋಗದಿದ್ದರೆ ಗಾಜೇ ಸವೆದಿದೆ, ಮನೆಯಲ್ಲಿ ಸರಿಹೋಗದು. ಬೂದಿ, ತೆಂಗಿನ ನಾರು, ಪಾತ್ರೆ ಪುಡಿ ಮುಟ್ಟಿಸಬೇಡಿ, ಗೀರು ಬೀಳುತ್ತದೆ. ಬಿಸಿ ಪಾಯಸವನ್ನೂ ಬಡಿಸಬೇಡಿ: ದಪ್ಪ ಗಾಜಿನ ಒಳಮೈ ಹಿಗ್ಗುವಾಗ ಹೊರಮೈ ತಣ್ಣಗೇ ಇರುತ್ತದೆ, ಫಟ್ಟನೆ ಸೀಳುತ್ತದೆ.