ಕ್ರಿಯಾಟಿನಿನ್ ಇಳಿದರೂ ಕೆರೆತ ನಿಲ್ಲದಿದ್ದರೆ

ಓದುಗರ ಪತ್ರ: ಅಪ್ಪನಿಗೆ 61 ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್. ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತಾರೆ. ಕಾಲು ಇಟ್ಟ ಕಡೆ ನಿಲ್ಲದೆ ಎದ್ದು ಓಡಾಡುತ್ತಾರೆ. ಕ್ರಿಯಾಟಿನಿನ್ ಇಳಿದಿದೆಯಲ್ಲ, ಮತ್ತೇಕೆ ಈ ಕಷ್ಟ?

ಸಂಪಾದಕರ ಉತ್ತರ: ಕ್ರಿಯಾಟಿನಿನ್ ಸ್ನಾಯುಗಳಿಂದ ರಕ್ತಕ್ಕೆ ಬರುವ, ಮೂತ್ರಪಿಂಡ ಹೊರಹಾಕಬೇಕಾದ ಕಸ. ಆ ಅಂಕಿ ಕೆರೆತವನ್ನೂ ನಿದ್ದೆಯನ್ನೂ ಅಳೆಯುವುದಿಲ್ಲ. ಡಯಾಲಿಸಿಸ್ ಮುಗಿದ ಕೂಡಲೇ ರಕ್ತ ತೆಗೆದರೆ ಅದು ಹೇಗೂ ಕಡಿಮೆಯೇ. ಡಯಾಲಿಸಿಸ್‌ಗೆ ಮುಂಚಿನ ಅಂಕಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ, ಊಟ ಸೇರದೆ ಮೈಮಾಂಸ ಕರಗುತ್ತಿರಲೂಬಹುದು. ಖುಷಿಪಡುವ ಮುನ್ನ ಅವರ ತಟ್ಟೆ ನೋಡಿ.

ಕೆರೆತಕ್ಕೆ ಕಾರಣ ಒಂದೇ ಅಲ್ಲ: ಒಣಗಿದ ಚರ್ಮ, ಸಾಲದ ಡಯಾಲಿಸಿಸ್, ರಕ್ತದಲ್ಲಿ ಏರಿದ ಫಾಸ್ಫರಸ್, ನರಗಳ ಏರುಪೇರು. ಚರ್ಮದಿಂದ ಶುರುಮಾಡಿ. ಹಂಡೆಯ ಸುಡುನೀರು ಆ ಕ್ಷಣಕ್ಕೆ ಹಿತ, ಆಮೇಲೆ ಕೆರೆತ ಇಮ್ಮಡಿ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವಾಸನೆಯಿಲ್ಲದ ಕ್ರೀಮನ್ನೋ ಹಚ್ಚಿ. ಮಲಗುವ ಮುನ್ನ ಮತ್ತೊಮ್ಮೆ. ಉಗುರು ಗಿಡ್ಡಗಿರಲಿ.

ಮನೆಗಳಲ್ಲಿ ಬಹಳ ತಪ್ಪುವುದು ಫಾಸ್ಫರಸ್ ಮಾತ್ರೆಯ ಹೊತ್ತು. ಅದು ಊಟದಲ್ಲಿರುವ ಫಾಸ್ಫರಸ್ಸನ್ನು ಹೊಟ್ಟೆಯೊಳಗೇ ಹಿಡಿದಿಡುವ ಮಾತ್ರೆ. ಊಟದ ಜೊತೆಯಲ್ಲೇ ನುಂಗಬೇಕು. ಬೆಳಗಿನ ಬರಿಹೊಟ್ಟೆಗೆ ಉಳಿದ ಮಾತ್ರೆಗಳೊಟ್ಟಿಗೆ ಕೊಟ್ಟರೆ ಹಿಡಿಯಲು ಏನೂ ಇರುವುದಿಲ್ಲ.

ಕಾಲಿನದು ಬೇರೆ ತೊಂದರೆ. ಮೀನಖಂಡ ಗಂಟುಕಟ್ಟಿ ನೋಯುವುದು ಸೆಳೆತ. ಡಯಾಲಿಸಿಸ್‌ನಲ್ಲಿ ಒಂದೇ ಸಲಕ್ಕೆ ಮೈಯಿಂದ ಹೆಚ್ಚು ನೀರು ತೆಗೆದಾಗ ಬರುವುದುಂಟು. ಸಂಜೆಯ ಮೇಲೆ ಸುಮ್ಮನಿರುವಾಗ ಶುರುವಾಗಿ, ನಡೆದರೆ ತಗ್ಗುವ ತಳಮಳಕ್ಕೆ ಕಬ್ಬಿಣದ ಕೊರತೆ ಕಾರಣವಿರಬಹುದು. ಹಿಮೋಗ್ಲೋಬಿನ್ ಒಂದೇ ಸಾಲದು, ಮೈಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ಮತ್ತು ಟ್ರಾನ್ಸ್‌ಫರಿನ್ ಸ್ಯಾಚುರೇಶನ್ ಪರೀಕ್ಷೆಯನ್ನೂ ಕೇಳಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮಾತ್ರೆ ಈ ತಳಮಳವನ್ನು ಕೆರಳಿಸುತ್ತದೆ. ಕೆರೆತಕ್ಕೆಂದು ಕೊಡುವ, ಮಂಪರು ತರುವ ಅಲರ್ಜಿ ಮಾತ್ರೆಯೂ ಹಾಗೆಯೇ: ಒಂದಕ್ಕೆ ತೆಗೆದುಕೊಂಡದ್ದು ಇನ್ನೊಂದನ್ನು ಹೆಚ್ಚಿಸುತ್ತದೆ, ಕೆರೆತಕ್ಕೂ ಅದರಿಂದ ದೊಡ್ಡ ಲಾಭವಿಲ್ಲ.

ಕೆರೆತ, ಕಾಲಿನ ತಳಮಳ ಎರಡಕ್ಕೂ ವೈದ್ಯರು ಗಾಬಾಪೆಂಟಿನ್ ಬರೆಯುವುದುಂಟು. ಇದು ಮೂತ್ರದಲ್ಲೇ ಹೊರಹೋಗುವ ಔಷಧಿ, ಹಾಗಾಗಿ ಪ್ರಮಾಣ ಬಹಳ ಕಡಿಮೆ. ಸಾಮಾನ್ಯವಾಗಿ ಡಯಾಲಿಸಿಸ್ ಮುಗಿದ ಮೇಲೆ 100 ಮಿಲಿಗ್ರಾಂನಿಂದ ಆರಂಭ. ಪಕ್ಕದ ಹಾಸಿಗೆಯವರ ಚೀಟಿ ನೋಡಿ ದಯವಿಟ್ಟು ಕೊಡಬೇಡಿ. ಮೈಯಲ್ಲಿ ಉಳಿದು ತೂಕಡಿಕೆ, ತೂರಾಟ, ಗೊಂದಲ ತರುತ್ತದೆ.

ವಾರಕ್ಕೆ ಎರಡೇ ಸಲ ಸಾಕೇ ಎಂಬುದನ್ನೂ ಕೇಳಲೇಬೇಕು. ಹೆಚ್ಚಿನವರಿಗೆ ವಾರಕ್ಕೆ ಮೂರು ಸಲ, ತಲಾ 4 ಗಂಟೆ ಬೇಕು. ಮೂತ್ರ ಇನ್ನೂ ಚೆನ್ನಾಗಿ ಆಗುವವರಿಗೆ ಎರಡು ಸಾಕಾಗಬಹುದು. ಒಂದು ಇಡೀ ದಿನದ ಮೂತ್ರವನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದುಕೊಂಡು ಹೋಗಿ.

ಅದೇ ಪುಸ್ತಕದಲ್ಲಿ ಎರಡು ವಾರ ದಿನಾ ಬೆಳಿಗ್ಗೆ ಕೆರೆತ, ಕಾಲು, ನಿದ್ದೆ ಮೂರಕ್ಕೂ 0ಯಿಂದ 10ರೊಳಗೆ ಅಪ್ಪನಿಂದಲೇ ಅಂಕ ಹಾಕಿಸಿ, ಡಯಾಲಿಸಿಸ್ ದಿನಕ್ಕೆ ಗುರುತಿಡಿ. “ಸ್ವಲ್ಪ ಕೆರೆತ ಇದೆ ಡಾಕ್ಟ್ರೇ” ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ; “ಎಂಟು ರಾತ್ರಿ ಒಂಬತ್ತಕ್ಕೇರಿತ್ತು” ಎಂದರೆ ಚೀಟಿ ಬದಲಾಗುತ್ತದೆ. ಕೈಕಾಲು ಹಠಾತ್ತನೆ ಸೋತರೆ, ಎದೆಬಡಿತ ತಪ್ಪಿದರೆ, ಉಸಿರು ಕಟ್ಟಿದರೆ ಮಾತ್ರ ಪುಸ್ತಕವನ್ನೂ ಸರದಿಯನ್ನೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.