ತಿದ್ದಿದ ಮೇಲೆ ಹತ್ತು ನಿಮಿಷ

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಾರಕ್ಕೆರಡು ಬಾರಿ 45 ಮಕ್ಕಳ ನೋಟ್‌ಬುಕ್ ತಿದ್ದುತ್ತೀರಿ. ಮುಗಿಯುವಷ್ಟರಲ್ಲಿ ರಾತ್ರಿ ಹನ್ನೊಂದು. ಆದರೂ ಅದೇ ತಪ್ಪು ಮತ್ತೆ ಬರುತ್ತದೆ. "ನಾನು ಬರೆದದ್ದನ್ನು ಮಕ್ಕಳು ಓದುವುದೇ ಇಲ್ಲವಾ?" ಎಂದು ಕೇಳಿದ್ದೀರಿ.

ಪತ್ರದ ಜೊತೆ ನೀವು ಕಳಿಸಿದ ಪುಟ ನನ್ನ ಎದುರಿಗಿದೆ. 52ರಲ್ಲಿ 27 ಕಳೆದರೆ 35 ಎಂದು ಮಗು ಬರೆದಿದೆ. 41ರಲ್ಲಿ 18 ಕಳೆದರೆ 37. ಆದರೆ 68ರಲ್ಲಿ 23 ಕಳೆದಾಗ 45, ಸರಿಯಾಗಿದೆ. ಎರಡು ಇಂಟು ಮಾರ್ಕ್ ಹಾಕಿ, ಕೆಳಗೆ "ಗಮನವಿಟ್ಟು ಮಾಡು" ಎಂದು ಬರೆದಿದ್ದೀರಿ. ಮೇಡಂ, ಆ ಮಗು ಗಮನವಿಟ್ಟೇ ಮಾಡಿದೆ. ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಅಂತ ಅದು ನಂಬಿಕೊಂಡಿದೆ. ಏಳರಿಂದ ಎರಡು ಹೋದರೆ ಐದು, ಐದರಿಂದ ಎರಡು ಹೋದರೆ ಮೂರು. ಇನ್ನಷ್ಟು ಗಮನವಿಟ್ಟರೂ 35 ಅಂತಲೇ ಬರೆಯುತ್ತದೆ. ಅಲ್ಲಿ "35ಕ್ಕೆ 27 ಕೂಡಿಸು. 52 ಬರುತ್ತಾ?" ಎಂದು ಬರೆದು ನೋಡಿ. 62 ಬಂದಾಗ ಮಗುವಿಗೇ ಅನುಮಾನ ಶುರುವಾಗುತ್ತದೆ.

ಇನ್ನು ಮಾರ್ಕ್ಸ್ ವಿಷಯ. ರುತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲವು ಮಕ್ಕಳಿಗೆ ಬರೀ ಮಾರ್ಕ್ಸ್, ಕೆಲವರಿಗೆ ಬರೀ ಷರಾ, ಉಳಿದವರಿಗೆ ಎರಡೂ ಕೊಟ್ಟರು. ಬರೀ ಷರಾ ಸಿಕ್ಕವರು ಮುಂದೆ ಸುಧಾರಿಸಿದರು. ಎರಡೂ ಸಿಕ್ಕವರಿಗೆ ಆ ಲಾಭ ಸಿಗಲಿಲ್ಲ. ಮಾರ್ಕ್ಸ್ ಕಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಅಲ್ವಾ? ನಿಮ್ಮ ಶಾಲೆಯಲ್ಲಿ ಮಾರ್ಕ್ಸ್ ಕೊಡಲೇಬೇಕಿದ್ದರೆ ರಿಜಿಸ್ಟರ್‌ನಲ್ಲಿ ಬರೆದಿಟ್ಟುಕೊಳ್ಳಿ. ಮಕ್ಕಳು ತಪ್ಪು ತಿದ್ದಿಕೊಂಡ ಮೇಲೆ ಹೇಳಿದರಾಯಿತು.

ಹೊಗಳಿಕೆಯಲ್ಲೂ ಸ್ವಲ್ಪ ಎಚ್ಚರ ಬೇಕು. "ಜಾಣ" ಅಂದರೆ ಮಗುವಿಗೆ ಖುಷಿಯಾಗುತ್ತದೆ, ಆದರೆ ಏನು ಚೆನ್ನಾಗಿತ್ತು ಅಂತ ಗೊತ್ತಾಗುವುದಿಲ್ಲ. "ಉತ್ತರ ಬಂದ ಮೇಲೆ ಕೂಡಿಸಿ ಪರೀಕ್ಷಿಸಿದ್ದೀಯ, ಒಳ್ಳೇದು" ಅಂದರೆ ನಾಳೆಯೂ ಹಾಗೇ ಮಾಡುತ್ತದೆ.

ನನ್ನ ದೊಡ್ಡ ಕೋರಿಕೆ ಬೇರೆ. ನೋಟ್‌ಬುಕ್ ಹಂಚಿದ ಕೂಡಲೇ ಹೊಸ ಪಾಠ ಶುರು ಮಾಡಬೇಡಿ. ಹತ್ತು ನಿಮಿಷ ಕೊಡಿ. ನಿಮ್ಮ ಷರಾ ಓದಿ, ಅದರಂತೆ ಅಲ್ಲೇ ಒಂದು ಲೆಕ್ಕ ಮಾಡಲಿ. ನೀವು ಸುಮ್ನೆ ಓಡಾಡುತ್ತಾ ನೋಡಿ. ಈಗ ನಿಮ್ಮ ಮಕ್ಕಳಿಗೆ ಆ ಹೊತ್ತೇ ಸಿಗುತ್ತಿಲ್ಲ. ನೋಟ್‌ಬುಕ್ ಕೈಗೆ ಬರುತ್ತದೆ, ನೇರ ಬ್ಯಾಗಿಗೆ ಹೋಗುತ್ತದೆ.

ಸಮಯ ಎಲ್ಲಿಂದ ತರಲಿ ಅನ್ನುತ್ತೀರಿ. ತಿದ್ದುವುದನ್ನೇ ಕಡಿಮೆ ಮಾಡಿ. ಇಪ್ಪತ್ತು ನೋಟ್‌ಬುಕ್‌ನಲ್ಲಿ ಒಂದೇ ತಪ್ಪು ಕಂಡರೆ ಇಪ್ಪತ್ತು ಸಲ ಬರೆಯಬೇಡಿ. ಪೆನ್ನು ಕೆಳಗಿಡಿ, ಬೆಳಿಗ್ಗೆ ಬೋರ್ಡ್ ಮೇಲೆ ಮತ್ತೆ ಹೇಳಿಕೊಡಿ. ಕಾಗುಣಿತದ ತಪ್ಪಿಗೆ ಆ ಸಾಲಿನ ಪಕ್ಕ ಒಂದು ಚುಕ್ಕೆ ಸಾಕು, ಹುಡುಕುವ ಕೆಲಸ ಮಕ್ಕಳದ್ದು.

ಈ ವಾರ ಆ ಒಂದು ಪುಟದಿಂದಲೇ ಶುರು ಮಾಡಿ. 62 ಬಂದಾಗ ಮಗು ಏನು ಮಾಡಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ