ಗೇಲಿ ಬೇಕಿತ್ತು, ಆದರೆ ಯಾರನ್ನು?

ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಎಡವಟ್ಟಿನಿಂದ ಕೆಟ್ಟಿದ್ದು ಜಗತ್ತಿನ ಒಂದು ಪರ್ಸೆಂಟ್‌ಗಿಂತ ಕಡಿಮೆ ವಿಂಡೋಸ್ ಕಂಪ್ಯೂಟರ್, ಅದಕ್ಕೆ ಅಷ್ಟೊಂದು ಮೀಮ್ ಬೇಕಿತ್ತಾ ಅಂತ ಕೇಳಿದ್ದೀರಿ. ಬೇಕಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದೇ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಅವೇನು ಮನೆಯಲ್ಲಿ ಸುಮ್ನೆ ಕೂತಿದ್ದವಲ್ಲ. ವಿಮಾನ ನಿಲ್ದಾಣ, ಬ್ಯಾಂಕ್, ಆಸ್ಪತ್ರೆಗಳಲ್ಲಿ ಇದ್ದವು. ನಮ್ಮ ದೇಶದಲ್ಲೂ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಬ್ರಿಟನ್ನಿನಲ್ಲಿ ಎಷ್ಟೋ ಡಾಕ್ಟರುಗಳಿಗೆ ರೋಗಿಗಳ ದಾಖಲೆಯೇ ತೆರೆಯಲಿಲ್ಲ. ಎಲ್ಲವನ್ನೂ ಒಂದೇ ಕಂಪನಿಯ ಸಾಫ್ಟ್‌ವೇರ್‌ಗೆ ನೇತುಹಾಕಿದ ದೊಡ್ಡ ಸಂಸ್ಥೆಗಳನ್ನು ಗೇಲಿ ಮಾಡಿದ್ದು ಸರಿ, ಅಲ್ವಾ?

ನನಗೆ ಸಿಟ್ಟು ಬಂದಿದ್ದು ಬೇರೆಯದಕ್ಕೆ. ಆ ತಪ್ಪು ಅಪ್‌ಡೇಟನ್ನು ಕಂಪನಿ ಒಂದೂವರೆ ಗಂಟೆಯೊಳಗೆ ವಾಪಸ್ ತೆಗೆದುಕೊಂಡಿತು. ಆದರೆ ಆಗಲೇ ಕೆಟ್ಟು ನಿಂತ ಬಹಳಷ್ಟು ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಕೈಯಾರೆ ಸರಿ ಮಾಡಬೇಕಾಯಿತು. ಆ ಕೆಲಸಕ್ಕೆ ನಿದ್ದೆಗೆಟ್ಟು ಕೂತ ಐಟಿ ಹುಡುಗರನ್ನು ನೋಡಿ ನಕ್ಕಿದ್ದು ಅನ್ಯಾಯ.